ಮಣ್ಣಿನ ದಿನ (ಶವಸಂಸ್ಕಾರಕ್ಕೆ) ಆರ್ಗನ್ ಬಾರಿಸುವವರು ದಯವಿಟ್ಟು ಹೇಳಿ: ಸ್ವರ ತಪ್ಪಲಿಲ್ಲ, ಆದರೂ ಜನ ಹಾಡಲಿಲ್ಲ

ಬಿದರಿ_ಬೆಳ್ಳಿ (ಬೀದರ್)

ಎಲ್ಲರಿಗೂ ನಮಸ್ಕಾರ. ನಾನು ಬೀದರ್‌ನ ಒಂದು ಶಾಲೆಯಲ್ಲಿ ಪಾಠ ಮಾಡುತ್ತೇನೆ. ಭಾನುವಾರ ನಮ್ಮ ಸಭೆಯಲ್ಲಿ ಕೀಬೋರ್ಡ್ ಬಾರಿಸುತ್ತೇನೆ. ಏಳು ವರ್ಷ ಆಯಿತು. ಕ್ರಿಸ್‌ಮಸ್ ಹಾಡು, ಮದುವೆ ಹಾಡು ಎಲ್ಲ ಧೈರ್ಯವಾಗಿ ಬಾರಿಸುತ್ತೇನೆ. ಮಣ್ಣಿನ ದಿನ ಮಾತ್ರ ಏನು ಮಾಡಬೇಕೋ ತಿಳಿಯುವುದಿಲ್ಲ.

ಹೋದ ವಾರ ನಮ್ಮ ಓಣಿಯ ಒಬ್ಬ ಅಜ್ಜಿ ತೀರಿಕೊಂಡರು. ಶವದ ಪೆಟ್ಟಿಗೆ ಚರ್ಚಿನ ಗುಡಿಯೊಳಗೆ ತಂದಾಗಿನಿಂದ ಹೊರಗೆ ಒಯ್ಯುವ ತನಕ ನಾನೇ ಬಾರಿಸಿದೆ. ಆರ್ಗನ್ ಟೋನ್ ಇಟ್ಟಿದ್ದೆ. ಒಂದು ಸ್ವರವೂ ತಪ್ಪಲಿಲ್ಲ. ಮುಗಿದ ಮೇಲೆ ಅಜ್ಜಿಯ ಮಗಳು ನನ್ನ ಕೈ ಹಿಡಿದುಕೊಂಡು, "ಛಂದ ಬಾರಿಸಿದಿ ಅವ್ವಾ. ಆದ್ರ ನಮಗ ಹಾಡಾಕ ಆಗಲಿಲ್ಲ" ಅಂದರು. ಅವರು ಬೈದದ್ದಲ್ಲ. ಆದರೂ ಆ ಮಾತು ನಾಲ್ಕು ದಿನದಿಂದ ನನ್ನನ್ನು ಬಿಟ್ಟಿಲ್ಲ.

ಪಿಯಾನೋದಲ್ಲಿ ಮೆಲ್ಲಗೆ ಒತ್ತಿದರೆ ಮೆಲ್ಲಗೆ ಕೇಳುತ್ತದೆ. ಆರ್ಗನ್‌ನಲ್ಲಿ ಹೇಗೆ ಒತ್ತಿದರೂ ಅದೇ ಸದ್ದು. ಹಾಗಾದರೆ ಭಾವ ಎಲ್ಲಿಂದ ತರುವುದು?

ಇನ್ನೊಂದು ವಿಷಯ. ಬರುವ ಶನಿವಾರ ನನಗೆ ಬಾರಿಸಲು ಕಲಿಸಿದ ಮಾಸ್ತರರ ಸ್ಮರಣೆಯ ಆರಾಧನೆ ಇದೆ. ನಮ್ಮ ಗುಡಿಯ ಮೂಲೆಯಲ್ಲಿ ಕಾಲಿನಿಂದ ತುಳಿಯುವ ಹಳೆಯ ಆರ್ಗನ್ ಒಂದಿದೆ. ಅಮೆರಿಕದ ಮಿಷನ್‌ನವರ ಕಾಲದ್ದು ಅಂತ ಹಿರಿಯರು ಹೇಳುತ್ತಾರೆ. ಮಾಸ್ತರರು ಬಾರಿಸುತ್ತಿದ್ದದ್ದು ಅದನ್ನೇ. ಅವರ ಕಾಲು ಸೋತ ಮೇಲೆ ಯಾರೂ ಮುಟ್ಟಿಲ್ಲ. ಶನಿವಾರ ಅದನ್ನೇ ಬಾರಿಸಬೇಕು ಅಂತ ಆಸೆ. ಆಗುತ್ತದಾ?

ಹುಮನಾಬಾದ್_ಹುಡುಗ

ಅಕ್ಕಾ, ಮೊದಲು ಕೀಬೋರ್ಡ್ ವಿಷಯ ಹೇಳಿಬಿಡುತ್ತೇನೆ. ನಾನೂ ಇದೇ ತಪ್ಪು ಮಾಡಿದ್ದೆ.

ಆರ್ಗನ್ ಟೋನ್‌ಗಳಲ್ಲಿ ಎರಡು ಜಾತಿ. ಒಂದು ಚರ್ಚ್ ಆರ್ಗನ್ ಅಥವಾ ಪೈಪ್ ಆರ್ಗನ್. ಇನ್ನೊಂದು ಜಾಝ್, ರಾಕ್ ಬಾರಿಸುವವರದು. ಅದರಲ್ಲಿ ಸ್ಪೀಕರ್ ಗರಗರ ತಿರುಗಿದ ಹಾಗೆ ಸದ್ದು ಅಲೆಯುತ್ತದೆ. ಮಣ್ಣಿಗೆ ಅದು ಬೇಡವೇ ಬೇಡ. ಆಮೇಲೆ ಸ್ವರವನ್ನು ಹಿಡಿದಿಡುವ ಸಸ್ಟೇನ್ ಪೆಡಲ್ ತೆಗೆದು ಪಕ್ಕಕ್ಕೆ ಇಡಿ. ಆರ್ಗನ್ ಟೋನ್‌ನಲ್ಲಿ ಅದನ್ನು ತುಳಿದರೆ ಎಲ್ಲ ಸ್ವರ ಒಂದರ ಮೇಲೊಂದು ಬಿದ್ದು ರಾಡಿ ಆಗುತ್ತದೆ.

ನಿಮಗೆ ಬೇಕಾದ್ದು ಎಕ್ಸ್‌ಪ್ರೆಶನ್ ಪೆಡಲ್. ಹೊಲಿಗೆ ಯಂತ್ರದ ಪೆಡಲ್ ಥರ ಮುಂದೆ ಹಿಂದೆ ಬಾಗುತ್ತದೆ. ಮುಂದೆ ಒತ್ತಿದರೆ ಸದ್ದು ಏರುತ್ತದೆ, ಹಿಂದೆ ಬಿಟ್ಟರೆ ಇಳಿಯುತ್ತದೆ. ಎಲ್ಲ ಕೀಬೋರ್ಡ್‌ಗೂ ಇದರ ತೂತು ಇರುವುದಿಲ್ಲ, ಹಿಂದುಗಡೆ ನೋಡಿಕೊಳ್ಳಿ. ಇಲ್ಲದಿದ್ದರೆ ವಾಲ್ಯೂಮ್ ಗುಂಡಿಯನ್ನೇ ಎಡಗೈ ಬಿಡುವಾದಾಗ ಮೆಲ್ಲಗೆ ತಿರುಗಿಸಿ. ನಾನು ಎರಡು ವರ್ಷ ಹಾಗೇ ಮಾಡಿದೆ.

ಹಳೇ_ಪೆಡಲ್ (ಈಗ ಕಲಬುರಗಿ)

ತಂಗಿ, ನಾನು ಬೀದರ್ ಜಿಲ್ಲೆಯವನೇ. ನಲವತ್ತು ವರ್ಷ ಆರ್ಗನ್ ಬಾರಿಸಿದೆ. ಎಷ್ಟು ಮಣ್ಣಿಗೆ ಬಾರಿಸಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ. ನನ್ನ ತಮ್ಮನ ಮಣ್ಣಿಗೂ ನಾನೇ ಬಾರಿಸಿದೆ.

ಹುಡುಗ ಹೇಳಿದ್ದು ಸರಿ. ಆದರೆ ಪೆಡಲ್ ಆಮೇಲಿನ ಮಾತು. ಮೊದಲು ಆ ಮಗಳ ಮಾತನ್ನು ನೋಡು. "ನಮಗ ಹಾಡಾಕ ಆಗಲಿಲ್ಲ" ಅಂದರು. ಭಾವ ಇರಲಿಲ್ಲ ಅಂತ ಹೇಳಲಿಲ್ಲ. ಅವರಿಗೆ ಉಸಿರು ತೆಗೆದುಕೊಳ್ಳಲು ನೀನು ಜಾಗ ಕೊಟ್ಟಿಲ್ಲ ಅಂತ ನನ್ನ ಊಹೆ. ಅಳುವವರಿಗೆ ಉಸಿರು ಜಾಸ್ತಿ ಬೇಕು. ಒಂದು ಸಾಲು ಮುಗಿದ ಮೇಲೆ ಗಂಟಲು ಕಟ್ಟುತ್ತದೆ, ಮೂಗು ಒರೆಸಿಕೊಳ್ಳುತ್ತಾರೆ, ಆಮೇಲೆ ಮುಂದಿನ ಸಾಲು. ಆರ್ಗನ್‌ಗೆ ಉಸಿರು ಕಟ್ಟುವುದಿಲ್ಲ ನೋಡು. ಅದು ಹೋಗುತ್ತಲೇ ಇರುತ್ತದೆ. ಜನ ಹಿಂದೆ ಉಳಿದುಬಿಡುತ್ತಾರೆ. ಆಮೇಲೆ ಸುಮ್ಮನಾಗುತ್ತಾರೆ.

ಪಿಯಾನೋದಲ್ಲಿ ಒಂದು ಸ್ವರ ಒತ್ತಿ ಹಿಡಿದರೆ ಅದು ತಾನೇ ಕರಗಿ ಹೋಗುತ್ತದೆ. ಆರ್ಗನ್‌ನಲ್ಲಿ ಕರಗುವುದಿಲ್ಲ. ಬೆರಳು ಎತ್ತುವ ತನಕ ಹಾಗೇ ನಿಂತಿರುತ್ತದೆ. ಅದಕ್ಕೇ ಆರ್ಗನ್ ಬಾರಿಸುವವನ ಕೆಲಸ ಒತ್ತುವುದರಲ್ಲಿ ಅರ್ಧ, ಎತ್ತುವುದರಲ್ಲಿ ಅರ್ಧ. ನನಗೆ ಇದು ತಿಳಿಯಲು ಹತ್ತು ವರ್ಷ ಹಿಡಿಯಿತು.

ಹೀಗೆ ಮಾಡು. ಸಾಲಿನ ಕೊನೆಯ ಸ್ವರವನ್ನು ಬರೆದಷ್ಟು ಹಿಡಿ. ಆಮೇಲೆ ಎರಡೂ ಕೈ ಪೂರ್ತಿ ಎತ್ತು. ನೀನೂ ಜೋರಾಗಿ ಉಸಿರು ಎಳೆದುಕೋ, ಬಾಯಿ ತೆರೆದು. ಆಮೇಲೆ ಮುಂದಿನ ಸಾಲು. ಆ ಒಂದು ಉಸಿರಿನಷ್ಟು ಮೌನ ನಿನಗೆ ಭಯ ಹುಟ್ಟಿಸುತ್ತದೆ, ತಪ್ಪಾಯಿತೇನೋ ಅನ್ನಿಸುತ್ತದೆ. ಹೆದರಬೇಡ. ಗುಡಿಯೊಳಗೆ ಸದ್ದು ಆಗ ಗೋಡೆಗೆ ಹೋಗಿ ತಿರುಗಿ ಬರುತ್ತಿರುತ್ತದೆ.

ಮಣ್ಣಿಗೆ ಬಾರಿಸುವಾಗ ಎಲ್ಲರೂ ನಿಧಾನ ಮಾಡುತ್ತಾರೆ. ನಾನೂ ಮಾಡುತ್ತಿದ್ದೆ. ತೀರಾ ನಿಧಾನವಾದರೆ ಸಾಲು ಉದ್ದವಾಗುತ್ತದೆ, ಅಳುವವರ ಉಸಿರು ಮಧ್ಯದಲ್ಲೇ ಮುಗಿಯುತ್ತದೆ. ಸಾಲು ನಡೆಯುವ ವೇಗದಲ್ಲೇ ಹೋಗಲಿ. ಹೆಚ್ಚಿನ ಸಮಯವನ್ನು ಸಾಲುಗಳ ನಡುವೆ ಕೊಡು.

ಇನ್ನು ಒಂದೇ ಸ್ವರ ಎರಡು ಸಲ ಬಂದರೆ ಮೇಲಿನ ಧಾಟಿಯ ಬೆರಳನ್ನು ಮಾತ್ರ ಎತ್ತಿ ಮತ್ತೆ ಒತ್ತು. ಒಳಗಿನ ಸ್ವರಗಳನ್ನು ಹಿಡಿದುಕೊಂಡೇ ಇರು. ಆಗ ಧಾಟಿ ಮಾತಾಡುತ್ತದೆ, ಕೆಳಗೆ ನೆಲ ಅಲುಗಾಡುವುದಿಲ್ಲ.

ಬಿದರಿ_ಬೆಳ್ಳಿ

ಕಾಕಾ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಹೌದು. ನಾನು ಎಲ್ಲೂ ಕೈ ಎತ್ತಿರಲಿಲ್ಲ. ತುಂಡಾಗಬಾರದು, ಒಂದೇ ಸಮನೆ ಹರಿಯಬೇಕು ಅಂತ ಬೆರಳು ಬದಲಿಸಿ ಬದಲಿಸಿ ಅಂಟಿಸಿದ್ದೆ.

ಭಾಲ್ಕಿ_ಮೇಷ್ಟ್ರು

ಒಂದು ಸಲಹೆ. ಧಾಟಿಯನ್ನು ಮೈನರ್‌ಗೆ ತಿರುಗಿಸಿ ಬಾರಿಸಿದರೆ? ಮೈನರ್ ಅಂದರೆ ದುಃಖ, ಮೇಜರ್ ಅಂದರೆ ಸಂತೋಷ ಅಂತ ನಮಗೆ ಕಲಿಸಿದ್ದು. ಪೆಟ್ಟಿಗೆ ಹೊರಗೆ ಹೋಗುವಾಗ ಶೋಪಾನ್‌ನ ಶವಯಾತ್ರೆಯ ಸಂಗೀತ ಬಾರಿಸಿದರೆ ಎಲ್ಲರ ಎದೆಗೂ ತಾಕುತ್ತದೆ ಅಲ್ವಾ?

ಹಳೇ_ಪೆಡಲ್

ಮೇಷ್ಟ್ರೇ, ಇದರಲ್ಲಿ ನನಗೆ ನಿಮ್ಮ ಮಾತು ಒಪ್ಪಿಗೆ ಇಲ್ಲ. ಸಿಟ್ಟು ಮಾಡಿಕೊಳ್ಳಬೇಡಿ.

ಸಂಗೀತಗಾರ ಹೆಂಡೆಲ್‌ನ 'ಸಾಲ್' ಅಂತ ಒಂದು ದೊಡ್ಡ ಕೃತಿ ಇದೆ, 1739ರದ್ದು. ರಾಜ ಸೌಲ ಮತ್ತು ಅವನ ಮಗ ಯೋನಾತಾನ ಯುದ್ಧದಲ್ಲಿ ಸತ್ತ ಕಥೆ. ಅದರಲ್ಲಿ ಬರುವ ಶವಯಾತ್ರೆಯ ಸಂಗೀತವನ್ನು ಇಂಗ್ಲೆಂಡ್‌ನಲ್ಲಿ ದೊಡ್ಡ ದೊಡ್ಡವರ ಮಣ್ಣಿಗೆ ಬಾರಿಸಿದ್ದಾರೆ. ಅದು ಯಾವ ಶ್ರುತಿಯಲ್ಲಿದೆ ಗೊತ್ತಾ? ಸಿ ಮೇಜರ್. ಒಂದು ಕಪ್ಪು ಕೀ ಮುಟ್ಟದೆ ಶುರುವಾಗುವ ಶ್ರುತಿ! ಸಂಗೀತಗಾರ ಬಾಖ್‌ನ ಆರ್ಗನ್ ಪುಸ್ತಕದಲ್ಲಿ ಕ್ರಿಸ್ತನ ಶ್ರಮೆಯನ್ನು ನೆನೆದು ಮನುಷ್ಯ ತನ್ನ ಪಾಪಕ್ಕಾಗಿ ಅಳುವ ಒಂದು ತುಣುಕಿದೆ, ಅವನ ಕೃತಿಗಳ ಪಟ್ಟಿಯಲ್ಲಿ ಬಿಡಬ್ಲ್ಯುವಿ 622. ಅದು ಇ ಫ್ಲಾಟ್ ಮೇಜರ್. ಬರೀ 24 ಬಾರ್, ಅಂದರೆ ತಾಳದ ಮನೆ. ಕೊನೆಯಲ್ಲಿ ಬಾಖ್ 'ಬಹಳ ಬಹಳ ನಿಧಾನ' ಅಂತ ಇಟಲಿಯ ಭಾಷೆಯಲ್ಲಿ ಬರೆದಿದ್ದಾನೆ. ಅಲ್ಲಿ ಯಾರೂ ಕಾಯದ ಒಂದು ಸ್ವರಕೂಟ ಬರುತ್ತದೆ. ನೆಲ ಕುಸಿದ ಹಾಗೆ ಆಗುತ್ತದೆ. ನಾನು ಅದನ್ನು ಎಷ್ಟು ಸಲ ಕೇಳಿದರೂ ಅಲ್ಲಿ ಬಂದಾಗ ಕಣ್ಣು ಮುಚ್ಚುತ್ತೇನೆ.

ಬಾಖ್‌ನ ಆರ್ಗನ್‌ಗಳಲ್ಲಿ ಸದ್ದು ಏರಿಸಿ ಇಳಿಸುವ ಪೆಡಲ್ ಇರಲಿಲ್ಲ. ಪೈಪುಗಳನ್ನು ಒಂದು ಮರದ ಪೆಟ್ಟಿಗೆಯಲ್ಲಿ ಇಟ್ಟು, ಕಿಟಕಿಯ ಹಾಗೆ ತೆರೆದು ಮುಚ್ಚುವ ಉಪಾಯ ಲಂಡನ್‌ನಲ್ಲಿ 1712ರಲ್ಲಿ ಬಂತು. ಜರ್ಮನಿಯ ಬಾಖ್‌ನ ಕೈಗೆ ಅದು ಸಿಗಲಿಲ್ಲ. ಆದರೂ ಅವನ ದುಃಖ ಕೇಳಿಸುತ್ತದೆ. ಒಂದು ಸ್ವರ ಇಳಿಯಬೇಕಾದ ಜಾಗದಲ್ಲಿ ಇಳಿಯದೆ ನಿಲ್ಲುತ್ತದೆ, ಕೆಳಗಿನ ಸ್ವರ ಬದಲಾಗಿ ಇದಕ್ಕೆ ಒತ್ತುತ್ತದೆ, ಆಮೇಲೆ ಇದು ಇಳಿಯುತ್ತದೆ. ಆ ನಿಲ್ಲುವ ಜಾಗದಲ್ಲಿ ಅವಸರ ಮಾಡದಿದ್ದರೆ ಸಾಕು.

ಶೋಪಾನ್ ವಿಷಯ. 1849ರ ಅಕ್ಟೋಬರ್ 30ರಂದು ಪ್ಯಾರಿಸ್‌ನ ಮಾದ್‌ಲೆನ್ ಗುಡಿಯಲ್ಲಿ ಅವನ ಅಂತ್ಯಕ್ರಿಯೆ ಆದಾಗ ಆ ಸಂಗೀತ ಬಾರಿಸಿದರು, ಅದು ನಿಜ. ಆವತ್ತು ಆರ್ಗನ್‌ನಲ್ಲಿ ಅವನ ಎರಡು ಚಿಕ್ಕ ಪಿಯಾನೋ ತುಣುಕುಗಳನ್ನೂ ಬಾರಿಸಿದರು. ಒಂದು ಇ ಮೈನರ್, ಇನ್ನೊಂದು ಬಿ ಮೈನರ್. ಅಲ್ಲಿ ಮೈನರ್ ಒಪ್ಪುತ್ತದೆ, ಅವನು ಬರೆದದ್ದೇ ಹಾಗೆ. ಆದರೆ ನಮ್ಮ ಜನ ಹುಟ್ಟಿದಾಗಿನಿಂದ ಮೇಜರ್‌ನಲ್ಲಿ ಹಾಡಿದ ಕೀರ್ತನೆಯನ್ನು ಮಣ್ಣಿನ ದಿನ ಮೈನರ್‌ಗೆ ತಿರುಗಿಸಿದರೆ, ಅವರ ಕೈಯಿಂದ ಅವರ ಹಾಡನ್ನೇ ಕಿತ್ತುಕೊಂಡ ಹಾಗೆ. ತೀರಿಕೊಂಡ ಅಜ್ಜಿ ಆ ಹಾಡನ್ನು ಯಾವ ಧಾಟಿಯಲ್ಲಿ ಹಾಡಿದ್ದಳೋ ಅದೇ ಧಾಟಿ ಇರಲಿ.

ಭಾಲ್ಕಿ_ಮೇಷ್ಟ್ರು

ಸಿಟ್ಟು ಯಾಕೆ ಸರ್. ಸೌಲನ ಸಂಗೀತ ಈಗಷ್ಟೇ ಹುಡುಕಿ ಕೇಳಿದೆ. ನೀವು ಹೇಳಿದ್ದು ಸರಿ ಇದೆ. ಮೇಜರ್‌ನಲ್ಲಿದ್ದು ಇಷ್ಟು ಭಾರವಾಗಿದೆ ಅಂತ ನಂಬಲು ಆಗುತ್ತಿಲ್ಲ.

ಪೇಟಿ_ಜೇವರ್ಗಿ

ನಾನು ಆರ್ಗನ್ ಮುಟ್ಟಿದವನಲ್ಲ. ಭಜನಾ ಮೇಳದಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತೇನೆ. ನಮ್ಮ ಕಡೆ ಯಾರಾದರೂ ಹೋದರೆ ರಾತ್ರಿಯಿಡೀ ಭಜನೆ. ಕಡಕೋಳ ಮಡಿವಾಳಪ್ಪನವರ ತತ್ವಪದ, ಏಕತಾರಿ, ದಮ್ಮಡಿ, ತಾಳ, ಪೇಟಿ. ಬೆಳಗಿನ ತನಕ ಹೆಣದ ಮುಂದೆ ಕೂತಿರುತ್ತೇವೆ.

ಕಾಕಾ ಹೇಳಿದ ಉಸಿರಿನ ಮಾತು ನಮ್ಮಲ್ಲೂ ಹಾಗೇ ಇದೆ. ಪೇಟಿಯಲ್ಲಿ ಬೆರಳಿನ ಒತ್ತಿಗೆ ಬೆಲೆ ಇಲ್ಲ, ಎಲ್ಲ ಎಡಗೈಯ ತಿದಿಯಲ್ಲಿ. ಪದ ಹೇಳುವವರು ಸಾಲು ಮುಗಿಸುವಾಗ ನಾನು ತಿದಿ ನಿಲ್ಲಿಸಿಬಿಡುತ್ತೇನೆ. ಒಳಗೆ ಉಳಿದ ಗಾಳಿಯಲ್ಲಿ ಸ್ವರ ತೆಳ್ಳಗಾಗುತ್ತ ಹೋಗುತ್ತದೆ. ಪೂರ್ತಿ ಆರುವ ಮೊದಲು ಹಿಂದೆ ಕೂತ ಹೆಂಗಸರು ಸಾಲು ಎತ್ತಿಕೊಳ್ಳುತ್ತಾರೆ. ಅವರು ಎತ್ತಿಕೊಂಡ ಮೇಲೆಯೇ ನಾನು ತಿದಿ ಒತ್ತುವುದು. ಮೊದಲೇ ಒತ್ತಿದರೆ ಅವರ ದನಿ ನನ್ನ ಪೇಟಿಯ ಕೆಳಗೆ ಸಿಕ್ಕಿಹಾಕಿಕೊಳ್ಳುತ್ತದೆ.

ಪೇಟಿಯಲ್ಲಿ ಮೀಂಡ್ ಬರುವುದಿಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಆಗುವುದಿಲ್ಲ ಅಂತ ದೊಡ್ಡ ವಿದ್ವಾಂಸರು ದೂರುತ್ತಿದ್ದರು. ಆಕಾಶವಾಣಿ 1940ರಿಂದ 1971ರ ತನಕ ಹಾರ್ಮೋನಿಯಂ ಅನ್ನೇ ಹೊರಗಿಟ್ಟಿತ್ತು. ಆದರೂ ಹಳ್ಳಿಯ ಸಾವಿನ ಮನೆಯಲ್ಲಿ ಪೇಟಿ ನಿಲ್ಲಲಿಲ್ಲ. ಜಾರುವ ಕೆಲಸ ಗಂಟಲು ಮಾಡುತ್ತದೆ. ಪೇಟಿ ಕೆಳಗೆ ಸುರ ಹಿಡಿದರೆ ಸಾಕು.

ತಂಗೀ, ಇನ್ನೊಂದು ಮಾತು. ಅತ್ತು ಅತ್ತು ದನಿ ಬಿದ್ದಿರುತ್ತದೆ. ನೀವು ಎಷ್ಟು ಎತ್ತರಕ್ಕೆ ಬಾರಿಸುತ್ತೀರಿ? ನಾವು ಸಾವಿನ ಮನೆಯಲ್ಲಿ ಮಾಮೂಲಿಗಿಂತ ಒಂದೆರಡು ಮನೆ ಕೆಳಗೆ ಇಟ್ಟುಕೊಳ್ಳುತ್ತೇವೆ.

ಬಿದರಿ_ಬೆಳ್ಳಿ

ಅಣ್ಣಾ, ಪುಸ್ತಕದಲ್ಲಿ ಇದ್ದ ಶ್ರುತಿಯಲ್ಲೇ ಬಾರಿಸಿದೆ. ಇ ಫ್ಲಾಟ್. ಮೇಲಿನ ಸ್ವರ ಬಂದಾಗ ಗಂಡಸರೆಲ್ಲ ಬಾಯಿ ಮುಚ್ಚಿದ್ದು ಈಗ ನೆನಪಾಗುತ್ತಿದೆ. ಶನಿವಾರಕ್ಕೆ ಡಿ ಗೆ ಇಳಿಸುತ್ತೇನೆ, ನಿಮ್ಮ ಬಿಳಿ ಎರಡು.

ಶಹಾಪುರದ_ಸೊಸೆ (ಯಾದಗಿರಿ ಜಿಲ್ಲೆ)

ನನಗೆ ಬಾರಿಸಲು ಬರುವುದಿಲ್ಲ. ಕೇಳಿದವಳಾಗಿ ಹೇಳುತ್ತೇನೆ. ಎರಡು ವರ್ಷದ ಹಿಂದೆ ನಮ್ಮ ಅವ್ವ ತೀರಿಕೊಂಡಳು. ಆವತ್ತು ಏನು ಹಾಡಿದರು, ಏನು ಓದಿದರು, ಒಂದೂ ನೆನಪಿಲ್ಲ. ಒಂದು ಮಾತ್ರ ನೆನಪಿದೆ. ಎಲ್ಲ ಮುಗಿದು ಪೆಟ್ಟಿಗೆ ಎತ್ತುವ ಮೊದಲು ಬಾರಿಸುವವನು ಅವ್ವನ ಇಷ್ಟದ ಹಾಡಿನ ಕೊನೆಯ ಸಾಲನ್ನು ಒಂದೇ ಬೆರಳಲ್ಲಿ ಬಾರಿಸಿದ. ಕೆಳಗೆ ಏನೂ ಇಲ್ಲ, ಬರೀ ಧಾಟಿ. ಅವ್ವ ರೊಟ್ಟಿ ಬಡಿಯುವಾಗ ಗುನುಗುತ್ತಿದ್ದದ್ದು ಹಾಗೇ. ಆಗ ನನಗೆ ಅಳು ಬಂತು. ಅಲ್ಲಿಯ ತನಕ ಬಂದಿರಲಿಲ್ಲ.

ಆ ಹುಡುಗನಿಗೆ ನಾನು ಇವತ್ತಿಗೂ ಥ್ಯಾಂಕ್ಸ್ ಹೇಳಿಲ್ಲ.

ಹಳೇ_ಪೆಡಲ್

ತಾಯಿ, ಅವನಿಗೆ ಹೇಳಿ. ಎಷ್ಟು ವರ್ಷವಾದರೂ ಪರವಾಗಿಲ್ಲ, ಹೇಳಿ. ಬಾರಿಸುವವರು ಜನರಿಗೆ ಬೆನ್ನು ತಿರುಗಿಸಿ ಕೂತಿರುತ್ತಾರೆ. ಏನಾಯಿತು ಅಂತ ಅವರಿಗೆ ಕಾಣುವುದಿಲ್ಲ.

ನೀವು ಹೇಳಿದ್ದಕ್ಕೆ ಒಂದು ನೆನಪಾಯಿತು. ಬ್ರಾಮ್ಸ್ ಅನ್ನುವ ಸಂಗೀತಗಾರ 1896ರಲ್ಲಿ ಆರ್ಗನ್‌ಗಾಗಿ 11 ತುಣುಕು ಬರೆದ. ಅದೇ ವರ್ಷ ಮೇ ತಿಂಗಳಲ್ಲಿ ಅವನ ಜೀವದ ಗೆಳತಿ ಕ್ಲಾರಾ ಶೂಮನ್ ತೀರಿಕೊಂಡಿದ್ದಳು. ಮುಂದಿನ ಏಪ್ರಿಲ್‌ಗೆ ಅವನೂ ಹೋದ. ಕೊನೆಯ ತುಣುಕಿನ ಹೆಸರು 'ಲೋಕವೇ, ನಿನ್ನನ್ನು ಬಿಡಲೇಬೇಕು' ಅಂತ. ಅದರಲ್ಲಿ ಪ್ರತಿ ಸಾಲು ಮುಗಿದಾಗ ಸಾಲಿನ ಬಾಲ ಎರಡು ಸಲ ಮರಳಿ ಬರುತ್ತದೆ. ಮೊದಲು ಮೆಲ್ಲಗೆ, ಆಮೇಲೆ ಇನ್ನೂ ಮೆಲ್ಲಗೆ. ಒಬ್ಬರು ದಾರಿಯಲ್ಲಿ ಹೋಗುತ್ತ ಹೋಗುತ್ತ ತಿರುಗಿ ನೋಡಿದ ಹಾಗೆ. ಅಷ್ಟು ದೊಡ್ಡ ಕೃತಿ ಬಾರಿಸಬೇಕಿಲ್ಲ. ನಮ್ಮ ಕೀರ್ತನೆಗೂ ಅದನ್ನೇ ಮಾಡಬಹುದು, ಬೆಳ್ಳಿ. ಕೊನೆಯ ಸಾಲನ್ನು ಎಲ್ಲರೊಂದಿಗೆ ಒಮ್ಮೆ. ಸ್ಟಾಪ್, ಅಂದರೆ ದನಿ ಆರಿಸುವ ಗುಂಡಿ, ಒಂದನ್ನು ಒಳಗೆ ತಳ್ಳಿ ಮತ್ತೊಮ್ಮೆ. ಆಮೇಲೆ ಒಂದೇ ಬೆರಳಲ್ಲಿ.

ದಂಡೆ_ಮರ (ಬೀದರ್)

ಒಂದು ಪ್ರಶ್ನೆ, ತಪ್ಪು ತಿಳಿಯಬೇಡಿ. ಆರ್ಗನ್ ಹೊರಗಿನಿಂದ ಬಂದದ್ದು. ಸಾವಿಗೆ ನಮ್ಮದು ಅಂತ ಹಲಗೆ ಇದೆ. ಅದರ ಒಂದು ಏಟಿಗೆ ಇಡೀ ಊರಿಗೆ ಸುದ್ದಿ ಮುಟ್ಟುತ್ತದೆ. ಅದನ್ನು ಯಾಕೆ ಬಿಟ್ಟೆವು?

ಹಳೇ_ಪೆಡಲ್

ತಪ್ಪು ತಿಳಿಯುವುದಿಲ್ಲಪ್ಪಾ. ಹಲಗೆ ದೊಡ್ಡ ವಾದ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಮನೆಯ ಕಥೆ ಹೇಳುತ್ತೇನೆ. ನಮ್ಮ ಮುತ್ತಜ್ಜ ಊರಲ್ಲಿ ಯಾರು ಸತ್ತರೂ ಹಲಗೆ ಬಾರಿಸಬೇಕಿತ್ತು. ಅದು ಬಿಟ್ಟಿ ಚಾಕರಿ. ಮೈಯಲ್ಲಿ ಜ್ವರ ಇದ್ದರೂ ಬಿಡುವಂತಿಲ್ಲ. ಬೇಡ ಅನ್ನುವ ಹಕ್ಕು ಇರಲಿಲ್ಲ. ಮಿಷನ್‌ನವರು ಬಂದ ಮೇಲೆ ಅವನು ಮೊದಲು ಕೆಳಗಿಟ್ಟದ್ದು ಹಲಗೆಯನ್ನು. ಅವನ ಮೊಮ್ಮಗ, ನಮ್ಮಪ್ಪ, ಕುರ್ಚಿಯ ಮೇಲೆ ಕೂತು ಆರ್ಗನ್ ಬಾರಿಸಿದ. ತನ್ನವರ ಸಾವಿಗೆ, ತನ್ನ ಮನಸ್ಸಿನಿಂದ.

ಈಗ ನಮ್ಮ ಹುಡುಗರು ಹಲಗೆಯನ್ನು ಮತ್ತೆ ಕೈಗೆತ್ತಿಕೊಂಡಿದ್ದಾರೆ, ವೇದಿಕೆಯ ಮೇಲೆ, ತಲೆ ಎತ್ತಿ. ಅದನ್ನು ನೋಡಿ ನನಗೆ ಹೆಮ್ಮೆ. ಗುಡಿಯೊಳಗೂ ಬರಲಿ. ಆದರೆ ಬಾರಿಸುವವನು ತಾನೇ ಬೇಕು ಅಂತ ಬಾರಿಸಬೇಕು.

ದಂಡೆ_ಮರ

ಇದು ನನಗೆ ಗೊತ್ತಿರಲಿಲ್ಲ ಕಾಕಾ. ಹೇಳಿದ್ದಕ್ಕೆ ಶರಣು.

ಬಿದರಿ_ಬೆಳ್ಳಿ

ಇವತ್ತು ಸಂಜೆ ಹಳೆಯ ಆರ್ಗನ್ ತೆರೆದೆವು. ಹುಮನಾಬಾದ್ ತಮ್ಮನೂ ಬಂದಿದ್ದ. ಧೂಳು ಹೇಳತೀರದು. ಎಡ ಪೆಡಲ್‌ನ ಪಟ್ಟಿ ಹರಿದಿತ್ತು, ಚೀಲದ ದಪ್ಪ ಪಟ್ಟಿ ಕಟ್ಟಿದೆವು. ತಿದಿಯ ಬಟ್ಟೆಯ ಒಂದು ಮೂಲೆಯನ್ನು ಇಲಿ ಕಡಿದಿದೆ, ಆದರೂ ಗಾಳಿ ನಿಲ್ಲುತ್ತದೆ. ಮೂರು ಸ್ವರ ಮೂಕವಾಗಿದ್ದವು. ಎರಡರ ರೀಡ್‌ಗಳನ್ನು (ಗಾಳಿಗೆ ಅದುರುವ ಲೋಹದ ನಾಲಿಗೆ) ತಮ್ಮ ಹೊರಗೆಳೆದು ಮೆತ್ತನೆಯ ಬ್ರಷ್‌ನಿಂದ ಒರೆಸಿದ, ದನಿ ಬಂತು. ಒಂದು ಬರಲಿಲ್ಲ. ಅದು ಕೆಳಗಿನ ಕಪ್ಪು ಕೀ. ಡಿ ಶ್ರುತಿಯಲ್ಲಿ ನಮ್ಮ ಹಾಡಿಗೆ ಅದು ಬೇಕಾಗುವುದೇ ಇಲ್ಲ!

ಕಾಕಾ, ಮೊಣಕಾಲಿನ ಹತ್ತಿರ ಎರಡು ಮರದ ಹಲಗೆಗಳಿವೆ. ಯಾವುದು ಏನು?

ಹಳೇ_ಪೆಡಲ್

ಬಲಗಡೆಯದು ಸದ್ದು ಏರಿಸುವುದು. ಮೊಣಕಾಲನ್ನು ಹೊರಗೆ ಒತ್ತಿದರೆ ಒಳಗಿನ ಮುಚ್ಚಳ ತೆರೆಯುತ್ತದೆ. ಎಡಗಡೆಯದು ಎಲ್ಲ ಸ್ಟಾಪ್‌ಗಳನ್ನೂ ಒಟ್ಟಿಗೆ ತೆರೆಯುತ್ತದೆ, ಅದನ್ನು ಮುಟ್ಟಬೇಡ. ಡಲ್ಸಿಯಾನಾ ಅಂತ ಬರೆದ ಗುಂಡಿ ಇದ್ದರೆ ಅದೇ ನಿನ್ನ ಕೊನೆಯ ಸಾಲಿಗೆ. ವಾಕ್ಸ್ ಹ್ಯೂಮಾನಾ ಅಂತ ಇದ್ದರೆ ಎಳೆಯಬೇಡ. ಅದು ಒಳಗೆ ಒಂದು ಚಿಕ್ಕ ಫ್ಯಾನ್ ತಿರುಗಿಸಿ ಸದ್ದನ್ನು ನಡುಗಿಸುತ್ತದೆ. ಜನರ ದನಿಯೇ ನಡುಗುತ್ತಿರುವಾಗ ಆರ್ಗನ್ ಆದರೂ ನೆಟ್ಟಗೆ ನಿಲ್ಲಬೇಕು.

ಪೆಡಲ್ ಎರಡನ್ನೂ ಸರದಿಯಲ್ಲಿ, ಮೆಲ್ಲಗೆ, ಪೂರ್ತಿ ಕೆಳಗಿನ ತನಕ ತುಳಿ. ಅಮೆರಿಕದ ಈ ಆರ್ಗನ್‌ಗಳು ಗಾಳಿಯನ್ನು ಒಳಗೆ ಎಳೆಯುತ್ತವೆ. ಪೇಟಿಯ ಹಾಗೆ ಹೊರಗೆ ಊದುವುದಿಲ್ಲ. ಅದಕ್ಕೇ ಕಾಲಿನಿಂದ ಭಾವ ತರಲು ಹೋಗಬೇಡ, ಮೊಣಕಾಲು ಸಾಕು. ಚಪ್ಪಲಿ ಬಿಟ್ಟು ಕೂರು.

ಬಿದರಿ_ಬೆಳ್ಳಿ (ಭಾನುವಾರ)

ನಿನ್ನೆ ಆಯಿತು.

ಮೊದಲ ಸಾಲಿನ ಕೊನೆಗೆ ಕೈ ಎತ್ತಿದೆ. ಆ ಮೌನದಲ್ಲಿ ಜನ ಉಸಿರು ಎಳೆದುಕೊಂಡದ್ದು ನನಗೆ ಕೇಳಿಸಿತು. ಎಲ್ಲರದೂ ಒಟ್ಟಿಗೆ. ಏಳು ವರ್ಷದಲ್ಲಿ ಮೊದಲ ಸಲ. ಎರಡನೇ ಸಾಲಿಗೆ ಗಂಡಸರೂ ಸೇರಿದರು. ಮೂರನೇ ಚರಣಕ್ಕೆ ನಾನು ಸದ್ದು ಇಳಿಸಿದೆ, ಅವರು ಇಳಿಸಲಿಲ್ಲ. ಅವರ ದನಿ ನನ್ನ ಮೇಲೆ ಹೋಯಿತು. ಜೇವರ್ಗಿ ಅಣ್ಣಾ, ನಿಮ್ಮ ಹೆಂಗಸರು ಸಾಲು ಎತ್ತಿಕೊಳ್ಳುವುದು ಹೀಗೇ ಇರಬೇಕು.

ಮಧ್ಯದಲ್ಲಿ ಒಂದು ಕಡೆ ಪೆಡಲ್ ಕಿರ್ ಅಂದಿತು. ಮಾಸ್ತರರು ಬಾರಿಸುವಾಗಲೂ ಹಾಗೇ ಅನ್ನುತ್ತಿತ್ತು ಅಂತ ಆಮೇಲೆ ಯಾರೋ ಹೇಳಿದರು.

ಕೊನೆಯ ಸಾಲು ಒಂದೇ ಬೆರಳಲ್ಲಿ ಬಾರಿಸಿದೆ, ಶಹಾಪುರದ ಅಕ್ಕಾ. ಬಾರಿಸಿ ಕೈ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಯಾರೂ ಏಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮಾಸ್ತರರ ಹೆಂಡತಿ ಎದ್ದು ನನ್ನ ಪಕ್ಕಕ್ಕೆ ಬಂದರು. ಏನೂ ಮಾತಾಡಲಿಲ್ಲ. ತೆರೆದಿದ್ದ ಸ್ಟಾಪ್‌ಗಳನ್ನು ಒಂದೊಂದಾಗಿ ಒಳಗೆ ತಳ್ಳಿದರು. ಮುಚ್ಚಳ ಹಾಕಿದರು. ಪ್ರತಿ ಭಾನುವಾರ ಮಾಸ್ತರರು ಬಾರಿಸಿ ಎದ್ದ ಮೇಲೆ ಅವರು ಮಾಡುತ್ತಿದ್ದ ಕೆಲಸ ಅದು.

ಹಳೇ_ಪೆಡಲ್

ಓದಿದೆ ತಂಗಿ. ಎರಡು ಸಲ ಓದಿದೆ.

ಆ ಚೀಲದ ಪಟ್ಟಿ ಬಹಳ ದಿನ ತಡೆಯುವುದಿಲ್ಲ. ಮುಂದಿನ ವಾರ ಬೀದರ್‌ಗೆ ಬರುತ್ತೇನೆ. ನನ್ನ ಹತ್ತಿರ ಗಟ್ಟಿ ಕ್ಯಾನ್ವಾಸ್ ಇದೆ. ಇಲಿ ಕಡಿದ ಮೂಲೆಗೂ ತೇಪೆ ಹಾಕೋಣ. ಆ ಮೂಕ ಸ್ವರದ ರೀಡ್ ಹೊರಗೆ ತೆಗೆದು ಕಾಗದದಲ್ಲಿ ಸುತ್ತಿ ಇಟ್ಟಿರು, ಎಲ್ಲೂ ಕಳೆಯಬೇಡ.